ಚಿಕ್ಕ ಅರಸರ ರಾಜಧನ, ದೊಡ್ಡ ಅರಮನೆ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಅಕ್ಕಲಕೋಟೆ, ಜತ್ತ ಸೀಮೆಗಳ ಜನರಿಗೆ ಅರಸೊತ್ತಿಗೆಯೆಂಬುದು ಕೇವಲ ಪುರಾಣದ ಮಾತಲ್ಲ. ಅಲ್ಲಿ ಭೋಸಲೆಯವರೂ ಇಲ್ಲಿ ಡಫಳೆಯವರೂ ಆಳಿದರು. 1948ರಲ್ಲಿ ಈ ಎರಡು ಸಂಸ್ಥಾನಗಳೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅಧಿಕಾರ ಹೋದ ಅರಸನ ಜೀವನಕ್ಕೆ ಗತಿಯೇನು? ಅವನಿರುವ ಅರಮನೆ ಅವನದೋ, ಪ್ರಜೆಗಳದೋ? ಇವು ಅಂದು ದೇಶದ ನೂರಾರು ಸಂಸ್ಥಾನಗಳಲ್ಲಿ ಎದ್ದ ಪ್ರಶ್ನೆಗಳು.

ವಿಲೀನದ ಕರಾರುಗಳು ಇವಕ್ಕೆ ಉತ್ತರ ಹೇಳಿದವು. ಅರಸನು ತನ್ನ ಖಾಸಗಿ ಆಸ್ತಿಯ ಪಟ್ಟಿಯನ್ನು ಕೊಡಬೇಕು. ಒಪ್ಪಿತವಾದುದು ಅವನಿಗೆ, ಉಳಿದುದು ಸರಕಾರಕ್ಕೆ. ಜೀವನಕ್ಕೆ ರಾಜಧನ. ಪೂರ್ವಭಾಗದ ಸಂಸ್ಥಾನಗಳಿಗೆ ಗೊತ್ತುಪಡಿಸಿದ ಲೆಕ್ಕವನ್ನು ನೋಡಿರಿ: ಸಂಸ್ಥಾನದ ಸರಾಸರಿ ವಾರ್ಷಿಕ ಉತ್ಪನ್ನದ ಮೊದಲ ಲಕ್ಷಕ್ಕೆ ನೂರಕ್ಕೆ 15, ಮುಂದಿನ 4 ಲಕ್ಷಕ್ಕೆ ನೂರಕ್ಕೆ 10, ಅದರ ಮೇಲಿನದಕ್ಕೆ ನೂರಕ್ಕೆ ಏಳೂವರೆ, ಒಟ್ಟು 10 ಲಕ್ಷವನ್ನು ಮೀರತಕ್ಕದ್ದಲ್ಲ. 3 ಲಕ್ಷ ಉತ್ಪನ್ನದ ಸಂಸ್ಥಾನಕ್ಕೆ ಈ ಪ್ರಕಾರ 35,000 ರೂಪಾಯಿ ಬರುತ್ತಿತ್ತು. ಮೈಸೂರಿನಂಥ ದೊಡ್ಡ ಸಂಸ್ಥಾನಕ್ಕೆ ಬೇರೆ ಏರ್ಪಾಡು. ಅಲ್ಲಿಯ ಮಹಾರಾಜರಿಗೆ 26 ಲಕ್ಷ. ಸೌರಾಷ್ಟ್ರದ ಕಟೋಡಿಯಾದ ಒಡೆಯನಿಗಾದರೋ ವರ್ಷಕ್ಕೆ 192 ರೂಪಾಯಿ! ಹೆಸರಿಗೆ ಇಬ್ಬರೂ ಅರಸರೇ.

ಸಂವಿಧಾನದ 291ನೆಯ ವಿಧಿಯು ಈ ಹಣಕ್ಕೆ ಭರವಸೆಯಿತ್ತಿತು. ಅದಕ್ಕೆ ಆದಾಯ ತೆರಿಗೆಯೂ ಇರಲಿಲ್ಲ. 362ನೆಯ ವಿಧಿಯು ಅವರ ಮಾನಮರ್ಯಾದೆಗಳನ್ನು ಕಾಪಾಡಲು ಹೇಳಿತು. ರಕ್ತಪಾತವಿಲ್ಲದೆ ರಾಜ್ಯಗಳನ್ನು ಬಿಟ್ಟುಕೊಟ್ಟವರಿಗೆ ಇದು ತಕ್ಕ ಪ್ರತಿಫಲವೆಂದು ಸರ್ದಾರ್ ಪಟೇಲರು 1949ರಲ್ಲಿ ಸಂವಿಧಾನ ಸಭೆಯಲ್ಲಿ ವಾದಿಸಿದರು. ಆ ವಾದವು ಹುರುಳಿಲ್ಲದ್ದಲ್ಲ. ಕೊಟ್ಟ ಮಾತಿಗೆ ತಪ್ಪುವ ಸರಕಾರವನ್ನು ನಾಳೆ ಯಾರು ನಂಬಿಯಾರು?

ಆದರೆ ಇನ್ನೊಂದು ಮಾತೂ ಉಂಟು. ಬೆಳೆ ಕೆಟ್ಟ ವರ್ಷವೂ ಕಂದಾಯ ಕಟ್ಟಿದ ರೈತನ ಮಗನು, ಹುಟ್ಟಿನ ಹೊರತು ಬೇರೆ ಅರ್ಹತೆಯಿಲ್ಲದವನಿಗೆ ಬೊಕ್ಕಸದಿಂದ ಹಣವೇಕೆಂದು ಕೇಳಿದರೆ ಅದು ಅವಿನಯವಲ್ಲ. ಈ ಪ್ರಶ್ನೆಯೇ ಬೆಳೆದು ಲೋಕಸಭೆಯನ್ನು ಮುಟ್ಟಿತು. 1970ರ ಸೆಪ್ಟೆಂಬರಿನಲ್ಲಿ ರಾಜಧನವನ್ನು ರದ್ದುಪಡಿಸುವ ಮಸೂದೆಗೆ ರಾಜ್ಯಸಭೆಯಲ್ಲಿ ಪರವಾಗಿ 149, ವಿರುದ್ಧವಾಗಿ 75 ಮತಗಳು ಬಿದ್ದವು. ಮೂರರಲ್ಲಿ ಎರಡು ಪಾಲಿಗೆ ಒಂದು ಮತದ ಮೂರನೆಯ ಒಂದಂಶ ಸಾಲದೆ ಮಸೂದೆ ಬಿತ್ತು. ಮರುದಿನವೇ ರಾಷ್ಟ್ರಪತಿಗಳ ಆಜ್ಞೆಯಿಂದ ಅರಸರ ಮಾನ್ಯತೆಯನ್ನು ತೆಗೆದುಹಾಕಲಾಯಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆ ಅಸಿಂಧುವೆಂದಿತು. ಕೊನೆಗೆ 1971ರ 26ನೆಯ ತಿದ್ದುಪಡಿಯು ರಾಜಧನವನ್ನೂ ಮಾನ್ಯತೆಯನ್ನೂ ಕೊನೆಗಾಣಿಸಿತು. ಪ್ರಜೆಗಳ ಇಚ್ಛೆ ಈಡೇರಿತು. ಆದರೆ ಅಡ್ಡದಾರಿಯಿಂದಲ್ಲ, ರಾಜಮಾರ್ಗದಿಂದಲೇ ಈಡೇರಬೇಕಾಯಿತು. ಇದನ್ನು ನಾವು ಮರೆಯಬಾರದು.

ಹಣ ನಿಂತಿತು, ಅರಮನೆಯ ಮಾತು ನಿಲ್ಲಲಿಲ್ಲ. ಅರಸನು ವಾಸಿಸುವ ಒಂದು ಅರಮನೆಯ ಬಾಡಿಗೆ ಮೌಲ್ಯಕ್ಕೆ ತೆರಿಗೆಯಿಲ್ಲವೆಂಬ ರಿಯಾಯಿತಿಯನ್ನು 1972ರಲ್ಲಿ ಆದಾಯ ತೆರಿಗೆ ಕಾಯಿದೆಗೆ ಸೇರಿಸಲಾಯಿತು. ರಾಜಸ್ಥಾನದ ಕೋಟಾದ ಅರಸುಮನೆತನದವರು ಅರಮನೆಯ ಒಂದು ಭಾಗವನ್ನು ರಕ್ಷಣಾ ಇಲಾಖೆಗೆ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಯ ಭಾಗಕ್ಕಾದರೂ ತೆರಿಗೆ ಬೇಕೆಂದು ಇಲಾಖೆಯ ವಾದ. ಕಾಯಿದೆಯಲ್ಲಿ ಅರಮನೆಯನ್ನು ಪಾಲುಮಾಡುವ ಮಾತಿಲ್ಲ, ಇಡಿಯ ಅರಮನೆಗೂ ರಿಯಾಯಿತಿ ಸಲ್ಲುವುದು ಎಂದು 2016ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸಿಂಹಾಸನ ಹೋಗಿ 45 ವರ್ಷಗಳಾದರೂ ಸೂರಿನ ಸವಲತ್ತು ಉಳಿದಿತ್ತು!

ಮಹನೀಯರೇ, ನಾನು ಯಾವ ಮನೆತನವನ್ನೂ ಹಳಿಯಲು ಬಂದವನಲ್ಲ. ಕೆರೆ ಕಟ್ಟಿಸಿದ, ಶಾಲೆ ತೆರೆದ ಅರಸರೂ ಇದ್ದರು. ಅವರನ್ನು ಗೌರವದಿಂದ ನೆನೆಯೋಣ. ಆದರೆ ಗೌರವ ಬೇರೆ, ಲೆಕ್ಕ ಬೇರೆ. ಇಂದು ಅಂಬಾರಿಯೇರುವ ಅರಸರಿಲ್ಲ. ಸರಕಾರಿ ಬಂಗಲೆಗಳಲ್ಲಿ ವಾಸಿಸುವ ಅಧಿಕಾರಸ್ಥರಿದ್ದಾರೆ. ಅರಸನಿಗೆ ಹಿಡಿದ ತಕ್ಕಡಿಯನ್ನೇ ಅವರಿಗೂ ಹಿಡಿಯುವ ಧೈರ್ಯ ನಮಗಿರಲಿ. ಸಾರ್ವಜನಿಕರ ಒಂದು ಕಾಸನ್ನು ಪಡೆಯುವವನೂ ಸಾರ್ವಜನಿಕರ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಪ್ರಜಾರಾಜ್ಯದ ಮರ್ಯಾದೆ ಇದು.