ಡಬ್ಬಿ ತಿರುಗಿಸಿ ನೋಡಿ: ಹೈದರಾಬಾದ್ ಬೇಸಿಗೆಗೆ ಐಸ್ ಕ್ರೀಂ ಲೆಕ್ಕ

ಮಾರ್ಚ್ ಬಂತು ಅಂದ್ರೆ ಹೈದರಾಬಾದ್‌ನಲ್ಲಿ ಫ್ರೀಜರ್‌ಗೆ ಬಿಡುವಿಲ್ಲ. ಗಚ್ಚಿಬೌಲಿ, ಕೊಂಡಾಪುರ, ನಲ್ಲಗಂಡ್ಲ, ಮಿಯಾಪುರ, ನಮ್ಮವರು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ರಾತ್ರಿ ಊಟ ಆದ ಮೇಲೆ ಒಂದೇ ಪ್ರಶ್ನೆ: "ಏನಾದ್ರೂ ತಣ್ಣಗೆ ತರಿಸೋಣ್ವಾ?" ಹತ್ತು ನಿಮಿಷಕ್ಕೆ ಬಾಗಿಲ ಬೆಲ್ ಹೊಡೆಯುತ್ತೆ. ಅದಕ್ಕೇ ಇವತ್ತಿನ ಮಾತು ಐಸ್ ಕ್ರೀಂ ಬಗ್ಗೆ. ಯಾವುದನ್ನು ತಗೋಬೇಕು, ಎಷ್ಟು ತಿನ್ನಬಹುದು, ಡಬ್ಬಿ ಮೇಲೆ ಏನು ಓದಬೇಕು. ಬಿಟ್ಟುಬಿಡಿ ಅಂತ ಹೇಳೋಕೆ ನಾನು ಬಂದಿಲ್ಲ. ಮಂಗಳೂರು, ಉಡುಪಿ ಕಡೆಯವರು ಕೇಳಿಸಿಕೊಳ್ತಾ ಇದ್ದಾರೆ, ಗಡ್‌ಬಡ್ ತಿನ್ನಬೇಡಿ ಅಂದ್ರೆ ನನ್ನ ಕಥೆ ಮುಗೀತು.

ಈ ಲೆಕ್ಕ ನಮಗೇ ಯಾಕೆ ಬೇಕು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. 2025ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದವರು ಮತ್ತು ಎಐಜಿ ಆಸ್ಪತ್ರೆಯವರು ಸೇರಿ ಮಾಡಿದ ಒಂದು ಅಧ್ಯಯನ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಬಂತು. ಇದೇ ಊರಿನ 345 ಐಟಿ ಉದ್ಯೋಗಿಗಳನ್ನ ಪರೀಕ್ಷೆ ಮಾಡಿದ್ರು. ಶೇಕಡಾ 84ರಷ್ಟು ಜನರ ಯಕೃತ್ತಿನಲ್ಲಿ, ಅಂದ್ರೆ ಲಿವರ್‌ನಲ್ಲಿ, ಹೆಚ್ಚುವರಿ ಕೊಬ್ಬು ಕೂತಿತ್ತು. 345 ಜನ ಅಂದ್ರೆ ದೊಡ್ಡ ಸಂಖ್ಯೆ ಅಲ್ಲ, ನಿಜ. ಆದ್ರೆ ಆ 345 ಜನ ಯಾರು? ನಮ್ಮ ಪಕ್ಕದ ಕ್ಯೂಬಿಕಲ್‌ನವರು. ದಿನಪೂರ್ತಿ ಕೂತು ಕೆಲಸ, ಅಮೆರಿಕಾದ ಗಡಿಯಾರಕ್ಕೆ ಹೊಂದಿಸಿದ ನಿದ್ದೆ, ಮಧ್ಯೆ ಮಧ್ಯೆ ಸಿಹಿ. ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸೋ ಹೆಲ್ತ್ ಚೆಕಪ್‌ನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಅಂತ ಬಂದಾಗ "ಎಲ್ಲರಿಗೂ ಇರುತ್ತೆ ಬಿಡೋ" ಅಂತ ನಗ್ತೀವಲ್ಲ, ಆ ನಗು ಸ್ವಲ್ಪ ಕಮ್ಮಿ ಮಾಡಬೇಕು.

ಸಕ್ಕರೆಗೂ ಲಿವರ್‌ಗೂ ಏನು ಸಂಬಂಧ? ನಾವು ತಿನ್ನೋ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನ ಇಡೀ ಮೈ ಬಳಸಿಕೊಳ್ಳುತ್ತೆ. ಫ್ರಕ್ಟೋಸಿನ ಬಹುಪಾಲು ಕೆಲಸ ಲಿವರ್ ಮೇಲೇ ಬೀಳುತ್ತೆ, ಅಲ್ಲಿ ಮಿಕ್ಕಿದ್ದು ಕೊಬ್ಬಾಗಿ ಕೂರುತ್ತೆ. ಎಣ್ಣೆ ತಿಂದ್ರೆ ಮಾತ್ರ ಕೊಬ್ಬು ಅಂತ ತಿಳ್ಕೊಂಡಿರೋರು ಇದನ್ನ ಗಮನಿಸಬೇಕು.

ಹಾಗಾದ್ರೆ ದಿನಕ್ಕೆ ಎಷ್ಟು ಸಕ್ಕರೆ ಸರಿ? ಇದಕ್ಕೆ ಉತ್ತರ ಕೊಡೋರು ನಮ್ಮೂರಲ್ಲೇ ಇದ್ದಾರೆ. ತಾರ್ನಾಕಾದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, ಎನ್‌ಐಎನ್ ಅಂತ ಕರೀತಾರೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಶುರುವಾಗಿ 1958ರಲ್ಲಿ ಹೈದರಾಬಾದ್‌ಗೆ ಬಂದ ಸಂಸ್ಥೆ. ಭಾರತೀಯರ ಆಹಾರದ ಬಗ್ಗೆ 2024ರಲ್ಲಿ ಹೊಸ ಮಾರ್ಗಸೂಚಿ ಹೊರತಂದ್ರು. ಅದರ ಪ್ರಕಾರ ಸೇರಿಸಿದ ಸಕ್ಕರೆ ದಿನಕ್ಕೆ 20ರಿಂದ 25 ಗ್ರಾಂ ಒಳಗೆ ಇರಬೇಕು. ಚಹಾ ಚಮಚದಲ್ಲಿ ಅಳೆದ್ರೆ ನಾಲ್ಕರಿಂದ ಐದು. ಇಡೀ ದಿನಕ್ಕೆ!

ಈಗ ಐಸ್ ಕ್ರೀಂ ಪಕ್ಕಕ್ಕಿಡಿ, ಚಹಾ ಎಣಿಸಿ. ಬೆಳಿಗ್ಗೆ ಮನೇಲಿ ಒಂದು, ಆಫೀಸಿನಲ್ಲಿ ಒಂದು, ಸಾಯಂಕಾಲ ಗೆಳೆಯರ ಜೊತೆ ಇರಾನಿ ಚಾಯ್ ಒಂದು. ಒಂದೊಂದಕ್ಕೆ ಎರಡು ಚಮಚ ಅಂತ ಹಿಡಿದ್ರೂ 30 ಗ್ರಾಂ ಆಯ್ತು. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಐಸ್ ಕ್ರೀಂ ಬಾಯಿಗೆ ಬರೋದಕ್ಕೆ ಮುಂಚೆನೇ ದಿನದ ಕೋಟಾ ಖಾಲಿ. ನನ್ನ ಮಟ್ಟಿಗೆ ಐಸ್ ಕ್ರೀಂ ಆಯ್ಕೆ ಶುರುವಾಗೋದು ಅಂಗಡಿಯಲ್ಲಲ್ಲ, ಬೆಳಗಿನ ಲೋಟದಲ್ಲಿ. ಚಹಾಕ್ಕೆ ಸಕ್ಕರೆ ಅರ್ಧಕ್ಕೆ ಇಳಿಸಿದೋರಿಗೆ ವಾರಕ್ಕೆ ಎರಡು ಸಣ್ಣ ಕಪ್ ಐಸ್ ಕ್ರೀಂ ತಿನ್ನೋದು ಕಷ್ಟವೇ ಅಲ್ಲ. ಮೂರು ಹೊತ್ತು ಸಿಹಿ ಚಹಾ ಕುಡಿದು, ರಾತ್ರಿ 'ಹೆಲ್ದಿ' ಐಸ್ ಕ್ರೀಂ ಹುಡುಕೋರನ್ನ ನೋಡಿದ್ರೆ ನನಗೆ ನಗು ಬರುತ್ತೆ.

ಸರಿ, ಡಬ್ಬಿಗೆ ಬರೋಣ. ಆ್ಯಪ್‌ನಲ್ಲಿ 'ಐಸ್ ಕ್ರೀಂ' ಅಂತ ಒತ್ತಿದ್ರೆ ಬರೋದೆಲ್ಲ ಐಸ್ ಕ್ರೀಂ ಅಲ್ಲ. ಕೆಲವು ಡಬ್ಬಿ ಮೇಲೆ ಸಣ್ಣಕ್ಷರದಲ್ಲಿ 'ಫ್ರೋಜನ್ ಡೆಸರ್ಟ್' ಅಂತ ಇರುತ್ತೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಐಸ್ ಕ್ರೀಂ ಅನ್ನಬೇಕಾದ್ರೆ ಕನಿಷ್ಠ ಶೇಕಡಾ 10 ಹಾಲಿನ ಕೊಬ್ಬು ಇರಬೇಕು. ಮೀಡಿಯಂ ಫ್ಯಾಟ್ ಅಂದ್ರೆ ಎರಡೂವರೆಯಿಂದ ಹತ್ತರ ನಡುವೆ, ಲೋ ಫ್ಯಾಟ್ ಅಂದ್ರೆ ಎರಡೂವರೆ ಮೀರಬಾರದು. ಫ್ರೋಜನ್ ಡೆಸರ್ಟ್‌ನಲ್ಲಿ ಹಾಲಿನ ಕೊಬ್ಬಿನ ಜಾಗಕ್ಕೆ ಸಸ್ಯದ ಎಣ್ಣೆ ಬಂದಿರುತ್ತೆ, ಎಷ್ಟೋ ಸಲ ಪಾಮ್ ಎಣ್ಣೆ. ಇದರ ಮೇಲೆ ದೊಡ್ಡ ಜಗಳವೇ ಆಗಿತ್ತು. 2017ರಲ್ಲಿ ಅಮುಲ್ ಜಾಹೀರಾತೊಂದರಲ್ಲಿ ಫ್ರೋಜನ್ ಡೆಸರ್ಟನ್ನ ವನಸ್ಪತಿಗೆ ಜೋಡಿಸಿ ತೋರಿಸಿತು, ಹಿಂದೂಸ್ತಾನ್ ಯೂನಿಲಿವರ್‌ನವರು ಬಾಂಬೆ ಹೈಕೋರ್ಟಿಗೆ ಹೋದ್ರು, ಜಾಹೀರಾತು ನಿಲ್ಲಿಸಿ ಅಂತ ಕೋರ್ಟು ಹೇಳಿತು.

ನನ್ನ ಅಭಿಪ್ರಾಯ ಕೇಳಿದ್ರೆ, ಫ್ರೋಜನ್ ಡೆಸರ್ಟ್ ವಿಷ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡೋ ಮಾತು ಜಾಸ್ತಿಯಾಯ್ತು. ಟ್ರಾನ್ಸ್ ಫ್ಯಾಟ್‌ಗೆ 2022ರಿಂದ ಶೇಕಡಾ 2ರ ಮಿತಿ ಇದೆ. ಸ್ಯಾಚುರೇಟೆಡ್ ಕೊಬ್ಬು ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ, ಹಾಲಿನ ಕೊಬ್ಬಿನಲ್ಲಿ ಅದಕ್ಕಿಂತ ಹೆಚ್ಚೇ. ಹಾಗಾಗಿ ಬರೀ ಕೊಬ್ಬಿನ ಲೆಕ್ಕದಲ್ಲಿ ಹಾಲಿನದ್ದು ದೇವರು, ಎಣ್ಣೆಯದ್ದು ರಾಕ್ಷಸ ಅನ್ನೋಕಾಗಲ್ಲ. ಆದ್ರೂ ನಾನು ಹಾಲಿನದ್ದನ್ನೇ ತಗೋತೀನಿ. ಹಾಲಿನ ಐಸ್ ಕ್ರೀಂ ಸ್ವಲ್ಪಕ್ಕೇ ಸಾಕು ಅನ್ನಿಸುತ್ತೆ, ರುಚಿ ಚೆನ್ನಾಗಿರುತ್ತೆ. ಅಪರೂಪಕ್ಕೆ ತಿನ್ನೋದು ತಾನೇ, ಚೆನ್ನಾಗಿರೋದನ್ನೇ ತಿನ್ನಬೇಕು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಇದನ್ನ ನಿಧಾನವಾಗಿ ಹೇಳ್ತೀನಿ. ಐಸ್ ಕ್ರೀಂ ಮಾರೋದು ಮಿಲಿಲೀಟರ್‌ನಲ್ಲಿ. ಸಕ್ಕರೆ, ಕ್ಯಾಲೊರಿ ಲೆಕ್ಕ ಸಾಮಾನ್ಯವಾಗಿ 100 ಗ್ರಾಂಗೆ ಬರೆದಿರ್ತಾರೆ. ಎರಡೂ ಒಂದೇ ಅಲ್ಲ. ಐಸ್ ಕ್ರೀಂ ಮಾಡುವಾಗ ಒಳಗೆ ಗಾಳಿ ತುಂಬಿಸ್ತಾರೆ, ಅದರಿಂದಲೇ ಅದು ಮೆತ್ತಗೆ ಇರೋದು. ಎಷ್ಟು ಗಾಳಿ ತುಂಬಿಸಬಹುದು ಅನ್ನೋದಕ್ಕೂ ನಿಯಮ ಇದೆ: ಒಂದು ಲೀಟರ್ ಐಸ್ ಕ್ರೀಂ ಕನಿಷ್ಠ 525 ಗ್ರಾಂ ತೂಗಬೇಕು. ಅಂದ್ರೆ ಲೀಟರ್ ಡಬ್ಬಿಯಲ್ಲಿ ಹತ್ತಿರ ಹತ್ತಿರ ಅರ್ಧ ಗಾಳಿ ಇದ್ರೂ ಕಾನೂನಿಗೆ ಅಡ್ಡಿಯಿಲ್ಲ. ದುಬಾರಿ ಐಸ್ ಕ್ರೀಂ ಗಟ್ಟಿ ಇರುತ್ತೆ, ಅದೇ ಕಪ್ಪಿನಲ್ಲಿ ತೂಕ ಜಾಸ್ತಿ, ಸಕ್ಕರೆನೂ ಜಾಸ್ತಿ. ಕುಲ್ಫಿಯಲ್ಲಂತೂ ಗಾಳಿ ಇಲ್ಲ ಅನ್ನೋಷ್ಟು ಕಮ್ಮಿ, ನೋಡೋಕೆ ಸಣ್ಣ ಕಡ್ಡಿ, ತೂಕದಲ್ಲಿ ಗಟ್ಟಿ.

ಒಂದು ಉದಾಹರಣೆ ಹಾಕೋಣ. ಡಬ್ಬಿ ಹಿಂದೆ 'ಆ್ಯಡೆಡ್ ಶುಗರ್' 100 ಗ್ರಾಂಗೆ 15 ಗ್ರಾಂ ಅಂತ ಇದೆ ಅಂದ್ಕೊಳ್ಳಿ. ಮಾಮೂಲಿ ವೆನಿಲಾಗೆ ಆಸುಪಾಸು ಇಷ್ಟೇ ಇರುತ್ತೆ. 100 ಮಿಲಿ ಕಪ್ ಸುಮಾರು 55 ಗ್ರಾಂ ತೂಗುತ್ತೆ. ಅಲ್ಲಿಗೆ ಸಕ್ಕರೆ ಎಂಟು ಗ್ರಾಂ ಚಿಲ್ಲರೆ. 25ರಲ್ಲಿ ಮೂರನೇ ಒಂದು ಭಾಗ, ಪರವಾಗಿಲ್ಲ. ಈಗ ಅದೇ ಐಸ್ ಕ್ರೀಂನ 700 ಮಿಲಿ ಟಬ್. ತೂಕ 385 ಗ್ರಾಂ, ಸಕ್ಕರೆ 58 ಗ್ರಾಂ. ಇಬ್ಬರು ಸೇರಿ ವೆಬ್ ಸೀರೀಸ್ ನೋಡ್ತಾ ಒಂದೇ ರಾತ್ರಿ ಖಾಲಿ ಮಾಡಿದ್ರೆ ತಲೆಗೆ 29 ಗ್ರಾಂ. ಐಸ್ ಕ್ರೀಂ ಒಂದೇ, ಬ್ರ್ಯಾಂಡ್ ಒಂದೇ, ಬದಲಾಗಿದ್ದು ಡಬ್ಬಿ. ಟಬ್ ತಗೊಂಡ್ರೆ ದುಡ್ಡು ಉಳಿಯುತ್ತೆ, ಅದಂತೂ ನಿಜ. ಆಫರ್ ಇದ್ರೆ ಒಂದರ ಜೊತೆ ಇನ್ನೊಂದು ಫ್ರೀ ಬೇರೆ. ಒಬ್ಬರೇ ಪಿಜಿಯಲ್ಲಿ ಇರೋರಿಗೆ ನನ್ನ ಸಲಹೆ ಒಂದೇ: ಕಪ್ ತಗೊಳ್ಳಿ, ಟಬ್ ಮನೆಗೆ ತರಬೇಡಿ. ರಾತ್ರಿ ಹನ್ನೊಂದಕ್ಕೆ ಪ್ರೊಡಕ್ಷನ್ ಇಶ್ಯೂ ಮುಗಿಸಿ ಫ್ರಿಜ್ ಬಾಗಿಲು ತೆಗೆದೋನ ಕೈಯಲ್ಲಿ ದೊಡ್ಡ ಚಮಚ ಇರುತ್ತೆ, ವಿವೇಕ ಇರಲ್ಲ.

ಮತ್ತೆ, ಲೇಬಲ್‌ನಲ್ಲಿ 'ಟೋಟಲ್ ಶುಗರ್' ಮತ್ತು 'ಆ್ಯಡೆಡ್ ಶುಗರ್' ಅಂತ ಎರಡು ಸಾಲು ಇರುತ್ತೆ. ಮೊದಲನೆಯದರಲ್ಲಿ ಹಾಲಿನ ಲ್ಯಾಕ್ಟೋಸ್, ಹಣ್ಣಿನ ಸಕ್ಕರೆ ಎಲ್ಲ ಸೇರಿರುತ್ತೆ. ನಮಗೆ ಬೇಕಾಗಿರೋದು ಎರಡನೆಯದು. 'ಪರ್ ಸರ್ವ್' ಅನ್ನೋ ಸಾಲನ್ನ ಮಾತ್ರ ನೋಡಿ ಸಮಾಧಾನ ಪಡಬೇಡಿ. ಅವರು ಹೇಳೋ ಸರ್ವಿಂಗ್‌ಗೂ ನಾವು ಹಾಕ್ಕೊಳ್ಳೋ ಬಟ್ಟಲಿಗೂ ಅಜಗಜಾಂತರ.

ಈಗ 'ಹೆಲ್ದಿ' ಅಂತ ಮಾರೋ ಸರಕಿನ ಬಗ್ಗೆ. ಡಬ್ಬಿ ಮೇಲಿನ ಇಂಥ ದೊಡ್ಡ ಮಾತುಗಳಿಗೆ ಮರುಳಾಗಬೇಡಿ, ಹಿಂಭಾಗ ಓದಿ ಅಂತ ಎನ್‌ಐಎನ್‌ನವರೇ 2024ರ ಮಾರ್ಗಸೂಚಿಯಲ್ಲಿ ಎಚ್ಚರಿಸಿದ್ದಾರೆ. ಶುಗರ್ ಫ್ರೀ ಐಸ್ ಕ್ರೀಂನಲ್ಲಿ ಸಕ್ಕರೆ ಬದಲು ಮಾಲ್ಟಿಟಾಲ್, ಸಾರ್ಬಿಟಾಲ್ ಥರದ್ದು ಇರುತ್ತೆ. ಸ್ವಲ್ಪ ತಿಂದ್ರೆ ತೊಂದರೆ ಇಲ್ಲ, ಶುಗರ್ ಫ್ರೀ ತಾನೇ ಅಂತ ಟಬ್ ಮುಗಿಸಿದ್ರೆ ಮರುದಿನ ಬೆಳಗಿನ ಸ್ಟ್ಯಾಂಡಪ್ ಮೀಟಿಂಗನ್ನ ಬಾತ್‌ರೂಮಿನಿಂದಲೇ ಅಟೆಂಡ್ ಮಾಡಬೇಕಾಗುತ್ತೆ. ಕೊಬ್ಬು, ಕ್ಯಾಲೊರಿ ಹೇಗೂ ಇದ್ದೇ ಇರುತ್ತೆ. ಬೆಲ್ಲದ ಐಸ್ ಕ್ರೀಂ? ಬೆಲ್ಲ ನಮ್ಮ ಊರಿನ ಮಾತು, ಮನಸ್ಸಿಗೆ ಹತ್ತಿರ, ಆದ್ರೆ ಲಿವರ್‌ಗೆ ಅದೂ ಸಕ್ಕರೆಯೇ. ಖರ್ಜೂರದ್ದೂ ಅದೇ ಕಥೆ. ತೆಂಗಿನ ಹಾಲಿನ ವೀಗನ್ ಐಸ್ ಕ್ರೀಂ ಹಾಲು ಆಗದೋರಿಗೆ ವರವೇ ಸರಿ, ಆದರೆ ತೆಂಗಿನ ಕೊಬ್ಬಿನಲ್ಲಿ ಸ್ಯಾಚುರೇಟೆಡ್ ಭಾಗ ಹಾಲಿಗಿಂತಲೂ ಹೆಚ್ಚು. ಪ್ರೋಟೀನ್ ಐಸ್ ಕ್ರೀಂ ಬೆಲೆ ನೋಡಿದ್ರೆ, ಒಂದು ಕಪ್ ಮಾಮೂಲಿ ಐಸ್ ಕ್ರೀಂ ತಿಂದು ಮರುದಿನ ನಾಲ್ಕು ಮೊಟ್ಟೆನೋ ಕಾಳಿನ ಪಲ್ಯನೋ ತಿನ್ನೋದು ಜಾಣತನ ಅಂತ ನನಗನ್ನಿಸುತ್ತೆ.

ಹಣ್ಣಿನ ಐಸ್ ಕ್ರೀಂ ಅಂದ ತಕ್ಷಣ ನಮ್ಮವರ ಹೆಸರು ಬರಲೇಬೇಕು. ದಕ್ಷಿಣ ಕನ್ನಡದ ಮೂಲ್ಕಿ ಕಡೆಯ ರಘುನಂದನ್ ಕಾಮತ್. ಹಣ್ಣಿನ ವ್ಯಾಪಾರಿಯ ಮಗ. 1984ರಲ್ಲಿ ಮುಂಬೈನ ಜುಹುವಿನಲ್ಲಿ ನ್ಯಾಚುರಲ್ಸ್ ಶುರು ಮಾಡಿದ್ರು, ಎಳನೀರು, ಸೀತಾಫಲ, ಚಿಕ್ಕು ಎಲ್ಲವನ್ನೂ ಐಸ್ ಕ್ರೀಂಗೆ ತಂದ್ರು. 2024ರ ಮೇ ತಿಂಗಳಲ್ಲಿ ತೀರಿಕೊಂಡ್ರು. ಹಾಲು, ಸಕ್ಕರೆ, ಹಣ್ಣು, ಇಷ್ಟು ಚಿಕ್ಕ ಪಟ್ಟಿಯ ಐಸ್ ಕ್ರೀಂ ನನಗೆ ಯಾವಾಗಲೂ ಇಷ್ಟ. ಆದ್ರೆ ಆ ಪಟ್ಟಿಯ ಮಧ್ಯದ ಪದ ಸಕ್ಕರೆ ಅನ್ನೋದು ನೆನಪಿರಲಿ. ಹಣ್ಣು ಇದೆ ಅಂತ ಎರಡನೇ ಸ್ಕೂಪ್ ಬರಬಾರದು.

ಹೈದರಾಬಾದಿನಲ್ಲೇ ತಿನ್ನಬೇಕು ಅಂದ್ರೆ ಮೊಅಜ್ಜಂ ಜಾಹಿ ಮಾರ್ಕೆಟ್‌ಗೆ ಹೋಗಿ. ಕೊನೆಯ ನಿಜಾಮರ ಕಾಲದ, 1935ರ ಕಲ್ಲಿನ ಕಟ್ಟಡ. ಅಲ್ಲಿ ಫೇಮಸ್ ಐಸ್ ಕ್ರೀಂ 1951ರಿಂದ ಇದೆ. ಐಸು, ಉಪ್ಪು ಹಾಕಿ ತಿರುಗಿಸಿ ಮಾಡೋ ಹಣ್ಣಿನ ಐಸ್ ಕ್ರೀಂ. ಇಲ್ಲಿ ಲೇಬಲ್ ಇಲ್ಲ, ಓದೋಕೆ ಏನೂ ಇಲ್ಲ. ಅದಕ್ಕೇ ಒಂದು ಕಪ್, ಎರಡು ಚಮಚ. ಕೊಂಡಾಪುರದಿಂದ ಟ್ರಾಫಿಕ್ ದಾಟಿ ಹೋಗಿ ಬರೋ ಕಷ್ಟ ಇದೆಯಲ್ಲ, ಅದೇ ವಾರಕ್ಕೊಮ್ಮೆಗಿಂತ ಹೆಚ್ಚು ತಿನ್ನದ ಹಾಗೆ ನೋಡಿಕೊಳ್ಳುತ್ತೆ! ಮೆಹಬೂಬ್‌ನಗರ ಕಡೆಯ ಬಾಲಾನಗರ ತಳಿಯ ಸೀತಾಫಲ ಬರೋ ಕಾಲದಲ್ಲಿ ಹೋದ್ರೆ ಇನ್ನೂ ಒಳ್ಳೇದು.

ತಣ್ಣನೆ ಕಲ್ಲಿನ ಮೇಲೆ ಬ್ರೌನಿ, ಚಾಕೊಲೇಟು, ಬೀಜ ಎಲ್ಲ ಸೇರಿಸಿ ಕಲಸಿಕೊಡೋ ಅಂಗಡಿಗಳಿಗೂ ಈ ಊರಲ್ಲಿ ಬರವಿಲ್ಲ. ಅಲ್ಲಿ ಐಸ್ ಕ್ರೀಂಗಿಂತ ಮೇಲೆ ಬೀಳೋದೇ ಜಾಸ್ತಿ. ಸಣ್ಣದು ಹೇಳಿ, ಹುರಿದ ಬಾದಾಮಿ ಸಾಕು ಅನ್ನಿ.

ಆದ್ರೆ ಇದೆಲ್ಲದಕ್ಕಿಂತ ಅಪಾಯದ ಜಾಗ ಬಿರಿಯಾನಿ ಊಟದ ಕೊನೆ. ಟೀಮ್ ಲಂಚ್, ಒಂದು ದೊಡ್ಡ ತಟ್ಟೆ ಬಿರಿಯಾನಿ, ಒಂದು ಕೂಲ್ ಡ್ರಿಂಕ್, ಅದರ ಮೇಲೆ ಖುಬಾನಿ ಕಾ ಮೀಠಾ ವಿತ್ ಐಸ್ ಕ್ರೀಂ. ಒಣ ಏಪ್ರಿಕಾಟನ್ನ ಸಕ್ಕರೆಯಲ್ಲಿ ಬೇಯಿಸಿ, ಮೇಲೆ ವೆನಿಲಾ ಸ್ಕೂಪ್. ರುಚಿ ಬಗ್ಗೆ ನಾನು ಮಾತಾಡಲ್ಲ, ಅದ್ಭುತ. ಆದ್ರೆ ಅಷ್ಟು ಅನ್ನದ ಮೇಲೆ ಅಷ್ಟು ಸಕ್ಕರೆ ಬಿದ್ದು, ನೇರವಾಗಿ ಸೀಟಿಗೆ ಹೋಗಿ ಕೂತ್ರೆ ಅದು ಎಲ್ಲಿಗೆ ಹೋಗಬೇಕು? ಮೂರು ಜನಕ್ಕೆ ಒಂದು ಹೇಳಿ, ಕೂಲ್ ಡ್ರಿಂಕ್ ಬಿಡಿ, ಊಟ ಆದ ಮೇಲೆ ಕ್ಯಾಂಪಸ್ ಸುತ್ತ ಹದಿನೈದು ನಿಮಿಷ ನಡೀರಿ. ಊಟದ ನಂತರದ ನಡಿಗೆಯಿಂದ ರಕ್ತದ ಸಕ್ಕರೆ ಏರೋದು ಕಮ್ಮಿಯಾಗುತ್ತೆ.

ಈಗಾಗಲೇ ಡಯಾಬಿಟಿಸ್ ಇರೋರು, ಇನ್ಸುಲಿನ್ ತಗೊಳ್ಳೋರು ನನ್ನ ಮಾತು ಕೇಳಿ ಕಪ್ ಎತ್ಕೋಬೇಡಿ, ನಿಮ್ಮ ಡಾಕ್ಟರ ಹತ್ರ ಕೇಳಿ. ಊರಿಂದ ಅಪ್ಪ ಅಮ್ಮ ಬಂದಾಗಲೂ ಅಷ್ಟೇ. "ಒಂದ್ ದಿನ ತಿಂದ್ರೆ ಏನಾಗುತ್ತಪ್ಪ" ಅಂತಾರೆ, ಅವರ ಎಚ್‌ಬಿಎ1ಸಿ ಎಷ್ಟಿದೆ ನೋಡಿ ಆಮೇಲೆ ಕರ್ಕೊಂಡು ಹೋಗಿ. ಎರಡು ವರ್ಷ ತುಂಬದ ಮಕ್ಕಳಿಗೆ ಸೇರಿಸಿದ ಸಕ್ಕರೆಯೇ ಬೇಡ, ಐಸ್ ಕ್ರೀಂ ಅಂತೂ ಬೇಡವೇ ಬೇಡ. ದೊಡ್ಡ ಮಕ್ಕಳಿಗೆ ಮನೇಲಿ ಮಾವು, ಮೊಸರು ರುಬ್ಬಿ ಅಚ್ಚಿಗೆ ಹಾಕಿ ಫ್ರೀಜರಲ್ಲಿ ಇಟ್ಟುಬಿಡಿ. ಸಕ್ಕರೆ ಹಾಕಬೇಕಾಗಿಲ್ಲ, ಬಂಗನಪಲ್ಲಿ ಸಿಹಿಯೇ ಸಾಕಾಗುತ್ತೆ. ಕಡ್ಡಿ ಚುಚ್ಚೋದು ಮಾತ್ರ ಮರೀಬೇಡಿ.

ಮುಂದಿನ ವಾರ ಪ್ಯಾಕೆಟ್ ಮಜ್ಜಿಗೆ, ಫ್ಲೇವರ್ಡ್ ಮೊಸರಿನ ಲೇಬಲ್ ಓದೋಣ.