ಒಬ್ಬನೇ ನಡೆಸುವ ಅಂಗಡಿಯ ಲೆಕ್ಕ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ.)



ಮಕ್ಕಳಿಗೆ ಉದ್ಯೋಗದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಕೇಳಿದರು. ನಾನು ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಆ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ. ನಾನು ಇವತ್ತು ಫ್ರಿಜ್, ಎ.ಸಿ., ಗೀಸರ್ ರಿಪೇರಿ ಮಾಡುವ ಒಬ್ಬನ ಬಗ್ಗೆ ಹೇಳುತ್ತೇನೆ. ಅವನು ನನ್ನ ಜೊತೆ ಇದೇ ಶಾಲೆಯಲ್ಲಿ ಓದಿದವನು. ಎಸ್ಸೆಸ್ಸೆಲ್ಸಿ ಆದ ಮೇಲೆ ಐ.ಟಿ.ಐ.ಗೆ ಹೋಗಿ ಎರಡು ವರ್ಷದ ರೆಫ್ರಿಜರೇಷನ್ ಮತ್ತು ಏರ್ ಕಂಡಿಷನಿಂಗ್ ಟ್ರೇಡ್ ಮುಗಿಸಿದ. ಈಗ ಹರಪನಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದಾನೆ. ಮಾಲೀಕ, ಕೆಲಸಗಾರ, ಗುಮಾಸ್ತ ಎಲ್ಲವೂ ಅವನೊಬ್ಬನೇ. ಇವತ್ತು ಸಮಾರಂಭಕ್ಕೆ ಬರಲಿಲ್ಲ. ಒಂದು ಔಷಧ ಅಂಗಡಿಯ ಫ್ರಿಜ್ ನಿಂತುಹೋಗಿದೆಯಂತೆ. ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಒಳಗೆ ಇಡಬೇಕು. ಭಾಷಣ ಕೇಳಲು ಬಂದರೆ ಆ ಔಷಧ ಕೆಡುತ್ತದೆ. ಹಾಗಾಗಿ ಅವನು ಬಾರದಿದ್ದುದೇ ಸರಿ.

ಅವನು ಮಾಡುವ ಕೆಲಸದ ಮೂಲಪಾಠ ನಿಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಮಣ್ಣಿನ ಹರವಿಯ ನೀರು ಯಾಕೆ ತಣ್ಣಗಿರುತ್ತದೆ? ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಫ್ರಿಜ್ ಮಾಡುವುದೂ ಇದನ್ನೇ. ವ್ಯತ್ಯಾಸ ಇಷ್ಟೇ: ಹರವಿಯಲ್ಲಿ ಆವಿ ಗಾಳಿಗೆ ಹೋಗುತ್ತದೆ, ಫ್ರಿಜ್‌ನಲ್ಲಿ ಮುಚ್ಚಿದ ಕೊಳವೆಯೊಳಗೇ ಸುತ್ತುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ, ಹಿಂದಿನ ಕಾಯಿಲ್ ಶಾಖವನ್ನು ಹೊರಗೆ ಬಿಡುತ್ತದೆ, ಆವಿ ಮತ್ತೆ ದ್ರವವಾಗುತ್ತದೆ. ಒಂದು ಟನ್ ಎ.ಸಿ. ಎಂದರೆ ಅದರ ತೂಕ ಒಂದು ಟನ್ ಎಂದಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿ ಎಂದರ್ಥ, ಸುಮಾರು ಮೂರೂವರೆ ಕಿಲೋವ್ಯಾಟ್.

ಇಷ್ಟು ವಿದ್ಯೆ ಅವನಿಗೆ ಚೆನ್ನಾಗಿ ಬರುತ್ತಿತ್ತು. ಕೈಯೂ ಪಳಗಿತ್ತು. ಆದರೂ ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ನನಗೆ ಫೋನ್ ಮಾಡಿ, "ಅಂಗಡಿ ಮುಚ್ಚಿ ಬೆಂಗಳೂರಿಗೆ ಬರ್ತೀನಿ, ಎಲ್ಲಾದರೂ ಸಂಬಳದ ಕೆಲಸ ನೋಡು" ಎಂದ. ಬೇಸಿಗೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ದುಡಿದಿದ್ದ. ಆದರೂ ಮನೆಯಲ್ಲಿ ಮಗುವಿನ ಶಾಲೆಗೆ ಕಟ್ಟಲು ದುಡ್ಡಿರಲಿಲ್ಲ. ಕೆಲಸ ಇದ್ದೂ ದುಡ್ಡು ಯಾಕೆ ಇಲ್ಲ ಎಂಬುದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಲೆಕ್ಕ ಇಡಲು ಒಂದು ಆ್ಯಪ್ ಮಾಡಿಕೊಡು ಎಂದು ಕೇಳಿದ. ನಾನು ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಲು ಹೇಳಿದೆ. ಅದರಲ್ಲಿ ನಾಲ್ಕು ಕಾಲಂ: ಎಲ್ಲಿಗೆ ಹೋದೆ, ಎಷ್ಟು ಗಂಟೆ ಹಿಡಿಯಿತು, ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ದುಡ್ಡು ಬಂತು. ಮೂರು ತಿಂಗಳು ಬರೆದ. ಉತ್ತರ ಆ ಪುಟಗಳಲ್ಲೇ ಇತ್ತು.

ಆ ಉತ್ತರವನ್ನು ದುಂಡು ಸಂಖ್ಯೆಗಳಲ್ಲಿ ಹೇಳುತ್ತೇನೆ. ಮಕ್ಕಳು ಮನಸ್ಸಿನಲ್ಲೇ ಲೆಕ್ಕ ಮಾಡಿ. ಒಬ್ಬ ಕೆಲಸಗಾರನ ಮನೆಗೆ ತಿಂಗಳಿಗೆ 25,000 ರೂಪಾಯಿ ಬೇಕು. ಅಂಗಡಿ ಬಾಡಿಗೆ, ಪೆಟ್ರೋಲ್, ಫೋನ್, ಸಲಕರಣೆ ಸವೆತ, ಸಾಲದ ಕಂತು ಸೇರಿ 10,000. ಒಟ್ಟು 35,000. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ, ಅಂದರೆ 200 ಗಂಟೆ ದುಡಿಯುತ್ತಾನೆ. 35,000ವನ್ನು 200ರಿಂದ ಭಾಗಿಸಿದರೆ ಗಂಟೆಗೆ 175 ರೂಪಾಯಿ. ಇಷ್ಟು ತೆಗೆದುಕೊಂಡರೆ ಸಾಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಆ 200 ಗಂಟೆಯಲ್ಲಿ ಗಿರಾಕಿ ಹಣ ಕೊಡುವ ಗಂಟೆ ಎಷ್ಟು? ಹರಪನಹಳ್ಳಿಯಿಂದ ಹಲವಾಗಲಿಗೆ ಬಂದು ಹೋಗುವ ಹೊತ್ತಿಗೆ ಯಾರೂ ಹಣ ಕೊಡುವುದಿಲ್ಲ. ಬಿಡಿಭಾಗ ತರಲು ದಾವಣಗೆರೆಗೆ ಹೋದ ಅರ್ಧ ದಿನಕ್ಕೆ ಕೊಡುವುದಿಲ್ಲ. ಫೋನಿನಲ್ಲಿ ವಿವರಿಸಿದ್ದಕ್ಕೆ, ಕರೆಂಟ್ ಬರಲಿ ಎಂದು ಕಾದಿದ್ದಕ್ಕೆ, ಬಾಕಿ ಕೇಳಲು ಅಲೆದಿದ್ದಕ್ಕೆ ಕೊಡುವುದಿಲ್ಲ. ಇವನ್ನೆಲ್ಲ ಕಳೆದರೆ ಉಳಿಯುವುದು 100 ಗಂಟೆ. ಗಂಟೆಗೆ 175ರಂತೆ ಬರುವುದು 17,500. ಅದರಲ್ಲಿ 10,000 ಖರ್ಚು ಹೋದರೆ ಮನೆಗೆ ಸೇರುವುದು 7,500. ಅವನು ಸೋಮಾರಿಯಲ್ಲ, ದುಂದುಗಾರನಲ್ಲ. ಭಾಗಾಕಾರದ ಕೆಳಗಿನ ಸಂಖ್ಯೆ ಮಾತ್ರ ಬೇರೆ ಇತ್ತು. 100ರಿಂದ ಭಾಗಿಸಿದರೆ ಬೇಕಾದ ದರ ಗಂಟೆಗೆ 350.

ಒಬ್ಬನೇ ದುಡಿಯುವವನು ಮಾರುವುದು ಗ್ಯಾಸ್ ಅಲ್ಲ, ಕಂಪ್ರೆಸರ್ ಅಲ್ಲ, ತನ್ನ ಹೊತ್ತನ್ನು. ಅಂಗಡಿಯಲ್ಲಿ ಅಕ್ಕಿ ಉಳಿದರೆ ನಾಳೆ ಮಾರಬಹುದು. ಉಳಿದ ಗಂಟೆಯನ್ನು ನಾಳೆ ಮಾರಲು ಬರುವುದಿಲ್ಲ. ಇದನ್ನು ತಿಳಿದ ಮೇಲೆ ಅವನು ಭೇಟಿ ಶುಲ್ಕವನ್ನು ಊರೂರಿಗೆ ಬೇರೆ ಬೇರೆ ಗೊತ್ತುಮಾಡಿ ಗೋಡೆಗೆ ಬರೆದು ಹಾಕಿದ. ಒಂದು ದಿಕ್ಕಿನ ಊರುಗಳ ಕೆಲಸವನ್ನು ಒಂದೇ ದಿನಕ್ಕೆ ಇಟ್ಟುಕೊಂಡ. ಕೆಲವು ಗಿರಾಕಿಗಳು ಬಿಟ್ಟುಹೋದರು. ಚೌಕಾಸಿ ಮಾಡಿದವರಿಗೆ ಅವನು ಜಗಳವಾಡದೆ ನೋಟ್‌ಬುಕ್ ತೋರಿಸುತ್ತಿದ್ದ.

ದರ ಏರಿಸಿದರಷ್ಟೇ ಸಾಲದು, ಕೆಲಸ ಒಂದೇ ಸಲಕ್ಕೆ ಸರಿಯಾಗಬೇಕು. ನಮ್ಮಲ್ಲಿ ಬೇಸಿಗೆ ಬಂದ ಕೂಡಲೇ "ಗ್ಯಾಸ್ ತುಂಬಿಸಿಕೊಡಿ" ಎನ್ನುವುದು ರೂಢಿ. ಎ.ಸಿ.ಯ ಗ್ಯಾಸ್ ಗಾಡಿಯ ಪೆಟ್ರೋಲ್‌ನಂತೆ ಖರ್ಚಾಗುವುದಿಲ್ಲ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ತುಂಬಿದರೆ ಅರ್ಧ ಗಂಟೆಯ ಕೆಲಸ. ಸರಿಯಾಗಿ ಮಾಡುವುದಾದರೆ ನೈಟ್ರೋಜನ್ ಒತ್ತಿ ಸೋರುವ ಜಾಗ ಪತ್ತೆಹಚ್ಚಬೇಕು, ಬೆಸುಗೆ ಹಾಕಬೇಕು, ವ್ಯಾಕ್ಯೂಮ್ ಪಂಪ್‌ನಿಂದ ಗಾಳಿ ಮತ್ತು ತೇವ ತೆಗೆಯಬೇಕು, ಆಮೇಲೆ ತೂಕ ಮಾಡಿ ಗ್ಯಾಸ್ ತುಂಬಬೇಕು. ಎರಡೂವರೆ ಗಂಟೆ ಬೇಕು. ಅರ್ಧ ಗಂಟೆಯಲ್ಲಿ ಮುಗಿಸಿದವನು ಮುಂದಿನ ತಿಂಗಳು ಅದೇ ಮನೆಗೆ ಮತ್ತೆ ಹೋಗಬೇಕು, ಅದೂ ಪುಕ್ಕಟೆ. ಪ್ರಾಮಾಣಿಕತೆ ದೊಡ್ಡ ಗುಣವೆಂದು ಗುರುಗಳು ನಮಗೆ ಹೇಳಿಕೊಟ್ಟರು. ಅದು ಲೆಕ್ಕಕ್ಕೂ ಹೊಂದುತ್ತದೆ ಎಂದು ಈ ನೋಟ್‌ಬುಕ್ ತೋರಿಸಿತು.

ಕೆಲಸ ಕಲಿತು ಮುಗಿಯಿತು ಎನ್ನುವ ಹಾಗೂ ಇಲ್ಲ. ಹಳೆಯ ಎ.ಸಿ.ಗಳಲ್ಲಿ ಆರ್-22 ಇತ್ತು. ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು ಹಂತಹಂತವಾಗಿ ಬಿಡಿಸಲಾಗುತ್ತಿದೆ. ಈಗ ಬರುವ ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುತ್ತದೆ. ಮನೆಯ ಫ್ರಿಜ್‌ಗಳಲ್ಲಿ ಬರುವ ಆರ್-600ಎ ಬೇಗ ಹೊತ್ತಿಕೊಳ್ಳುವ ಅನಿಲ. ಹಳೆಯ ರೂಢಿಯಂತೆ ಬೀಡಿ ಸೇದುತ್ತಾ ಕೊಳವೆ ಬಿಚ್ಚುವ ಕಾಲ ಹೋಯಿತು. ಸೋರಿಕೆ ನೋಡಲು ನೈಟ್ರೋಜನ್ ಬದಲು ಆಕ್ಸಿಜನ್ ಎಂದೂ ಒತ್ತಬಾರದು. ಕಂಪ್ರೆಸರ್ ಎಣ್ಣೆ ಆಕ್ಸಿಜನ್ ಜೊತೆ ಸೇರಿದರೆ ಸ್ಫೋಟವಾಗುತ್ತದೆ. ಸ್ವಿಚ್ ತೆಗೆದ ಮೇಲೂ ಕೆಪಾಸಿಟರ್ ಶಾಕ್ ಕೊಡಬಲ್ಲದು. ಈ ಮಾರ್ಗಕ್ಕೆ ಬರುವವರು ಈ ಮೂರನ್ನು ಇವತ್ತೇ ನೆನಪಿಟ್ಟುಕೊಳ್ಳಿ.

ಒಬ್ಬನೇ ದುಡಿಯುವವನಿಗೆ ಇರುವ ದೊಡ್ಡ ಭಯ ಏಣಿಯದು. ಬಿದ್ದು ಕಾಲು ಮುರಿದರೆ ಅಂಗಡಿಗೂ ಅಂದೇ ಬೀಗ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿ ಇದೆ. ಆದರೆ ಮೂರು ತಿಂಗಳು ಮಲಗಿದರೆ ಮನೆ ನಡೆಸಲು ಅದು ಬರುವುದಿಲ್ಲ. ಅದಕ್ಕೆ ಬೇಸಿಗೆಯ ದುಡಿಮೆಯಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕಬೇಕು. ನನ್ನ ಗೆಳೆಯ ಇನ್ನೊಂದು ಊರಿನ ಮೆಕ್ಯಾನಿಕ್ ಜೊತೆ ಮಾತುಕತೆ ಮಾಡಿಕೊಂಡಿದ್ದಾನೆ: ಒಬ್ಬ ಹುಷಾರಿಲ್ಲದೆ ಬಿದ್ದರೆ ಇನ್ನೊಬ್ಬ ಅವನ ಗಿರಾಕಿಗಳನ್ನು ನೋಡಿಕೊಳ್ಳುವುದು, ಎದ್ದ ಮೇಲೆ ಹಿಂದಿರುಗಿಸುವುದು.

ಮಳೆಗಾಲದ ಖಾಲಿ ದಿನಗಳಿಗೂ ದಾರಿ ಸಿಕ್ಕಿತು. ನಮ್ಮ ಬೋರ್‌ವೆಲ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ನೀರು ಬೇಗ ಕಾಯುವುದಿಲ್ಲ, ಕರೆಂಟ್ ಬಿಲ್ ಏರುತ್ತದೆ. ಚಳಿಗಾಲಕ್ಕೆ ಮೊದಲೇ ಗೀಸರ್ ಸ್ವಚ್ಛ ಮಾಡುವ ಕೆಲಸ ಹಿಡಿದ. ಬೇಕರಿ, ಔಷಧ ಅಂಗಡಿಗಳ ಫ್ರಿಜ್‌ಗಳನ್ನು ವರ್ಷಪೂರ್ತಿ ನೋಡಿಕೊಳ್ಳುವ ಕರಾರು ಮಾಡಿಕೊಂಡ. ತಂಪಿನ ಜೊತೆ ಬಿಸಿಯೂ ಸೇರಿದ್ದರಿಂದ ಹನ್ನೆರಡು ತಿಂಗಳೂ ಕೆಲಸ ಸಿಗುತ್ತಿದೆ.

ಕಾಗದಪತ್ರದ ಮಾತು ಬಂದರೆ, ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಬೇಕು. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ರಸೀದಿ ಮಾತ್ರ ಕೊಡಲೇಬೇಕು. ಅವನ ಹಳೆಯ ರಸೀದಿ ಪುಸ್ತಕಗಳಲ್ಲಿ ಜಿಲ್ಲೆ ದಾವಣಗೆರೆ, ಆಮೇಲೆ ಬಳ್ಳಾರಿ, ಈಗ ವಿಜಯನಗರ. ಅಂಗಡಿ ಅಲ್ಲೇ ಇದೆ, ಜಿಲ್ಲೆಯೇ ಎರಡು ಸಲ ಬದಲಾಯಿತು ಎಂದು ನಗುತ್ತಾನೆ.

ಮಕ್ಕಳೇ, ನಿಮ್ಮಲ್ಲಿ ಕೆಲವರು ಎಂಜಿನಿಯರ್ ಆಗುತ್ತೀರಿ, ಸಂತೋಷ. ಕೆಲವರು ಐ.ಟಿ.ಐ.ಗೆ ಹೋಗುತ್ತೀರಿ. ಅದನ್ನು ಕಡಿಮೆ ಅಂಕದವರ ದಾರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆಣ್ಣುಮಕ್ಕಳಿಗೂ ಈ ಟ್ರೇಡ್‌ನಲ್ಲಿ ಪ್ರವೇಶವಿದೆ. ನನಗೆ ತಿಂಗಳ ಸಂಬಳ ಬರುತ್ತದೆ, ಆದ್ದರಿಂದ ನನ್ನ ಒಂದು ಗಂಟೆಯ ಬೆಲೆಯನ್ನು ಬೇರೆಯವರು ಕಟ್ಟುತ್ತಾರೆ. ಅವನು ತನ್ನ ಗಂಟೆಗೆ ತಾನೇ ಬೆಲೆ ಕಟ್ಟಬೇಕು, ಗಿರಾಕಿಯ ಮುಖ ನೋಡಿ ಹೇಳಬೇಕು, ಹೇಳಿದ ಬೆಲೆಗೆ ತಕ್ಕ ಕೆಲಸ ಮಾಡಬೇಕು. ಅದು ಸಣ್ಣ ವಿದ್ಯೆಯಲ್ಲ. ಅದಕ್ಕೆ ಬೇಕಾದ ಭಾಗಾಕಾರ, ಆವಿಯ ಪಾಠ, ಸ್ಪಷ್ಟವಾಗಿ ನಾಲ್ಕು ಸಾಲು ಬರೆಯುವ ಕನ್ನಡ, ಮೂರನ್ನೂ ಈ ಶಾಲೆ ಕೊಡುತ್ತದೆ. ಗಮನವಿಟ್ಟು ತೆಗೆದುಕೊಳ್ಳಿ.