ಮನಸ್ಸಾಕ್ಷಿಗೆ ಸಂದ ಮನ್ನಣೆ
(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭವೇಳೆಯಲ್ಲಿ ಅನೇಕರನ್ನು ಸನ್ಮಾನಿಸುತ್ತಿದ್ದೇವೆ. ದಾನವಿತ್ತವರೂ ದುಡಿದವರೂ ಮನ್ನಣೆಗೆ ಅರ್ಹರೇ ಸರಿ. ಈ ಸಂದರ್ಭದಲ್ಲಿ, ತಾನೇ ದಂಡಿಸಿದ ಒಬ್ಬ ಪ್ರಜೆಯನ್ನು ರಾಷ್ಟ್ರವೊಂದು ಮುಂದೆ ತಲೆಬಾಗಿ ಗೌರವಿಸಿದ ವೃತ್ತಾಂತವನ್ನು ನಿಮ್ಮ ಮುಂದಿಡಬಯಸುತ್ತೇವೆ. ಆ ರಾಷ್ಟ್ರ ಪೋರ್ಚುಗಲ್. ಆ ವ್ಯಕ್ತಿ ಅರಿಸ್ಟಿಡೆಸ್ ಡಿ ಸೋಜ ಮೆಂಡಿಸ್. ಸೋಜ, ಮೆಂಡಿಸ್ ಎಂಬ ಹೆಸರುಗಳು ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಅಪರಿಚಿತವಲ್ಲ.

1885ರಲ್ಲಿ ಜನಿಸಿದ ಇವರು ಭಕ್ತ ಕಥೋಲಿಕರು, ಹದಿನಾಲ್ಕು ಮಕ್ಕಳ ತಂದೆ. 1940ರಲ್ಲಿ ಫ್ರಾನ್ಸಿನ ಬೋರ್ಡೊ ನಗರದಲ್ಲಿ ಪೋರ್ಚುಗಲ್ಲಿನ ಕಾನ್ಸಲ್ ಜನರಲ್ ಆಗಿದ್ದರು. ಆ ವರ್ಷದ ಜೂನ್ 14ರಂದು ಪ್ಯಾರಿಸ್ ನಗರ ಹಿಟ್ಲರನ ಸೇನೆಯ ವಶವಾಯಿತು. ಪ್ರಾಣಭಯದಿಂದ ಓಡಿಬಂದ ಯೆಹೂದ್ಯರೂ ಇತರ ನಿರಾಶ್ರಿತರೂ ಬೋರ್ಡೊ ನಗರದಲ್ಲಿ ಕಿಕ್ಕಿರಿದು ನೆರೆದರು. ಸ್ಪೇನನ್ನು ದಾಟಿ ಲಿಸ್ಬನ್ ಸೇರಿದರೆ ಹಡಗು ಹತ್ತಬಹುದಿತ್ತು. ಅದಕ್ಕೆ ಬೇಕಾದದ್ದು ಕಾನ್ಸಲರ ಮುದ್ರೆ ಮತ್ತು ಸಹಿ. ಆದರೆ ಯೆಹೂದ್ಯ ನಿರಾಶ್ರಿತರಿಗೂ ನಾಡಿಲ್ಲದವರಿಗೂ ಲಿಸ್ಬನ್ನಿನ ಪೂರ್ವಾನುಮತಿಯಿಲ್ಲದೆ ವೀಸಾ ಕೊಡಕೂಡದೆಂದು 1939ರ ನವೆಂಬರ್ 11ರ ಸುತ್ತೋಲೆ ವಿಧಿಸಿತ್ತು. ಅಲ್ಲಿ ಆಳುತ್ತಿದ್ದವನು ಸರ್ವಾಧಿಕಾರಿ ಸಾಲಾಜಾರ್.

ಮೆಂಡಿಸರು ಖಾಯಿಮ್ ಕ್ರೂಗರ್ ಎಂಬ ಯೆಹೂದ್ಯ ರಬ್ಬಿಗೆ, ಅವರ ಕುಟುಂಬಕ್ಕೆ ಮಾತ್ರ ವೀಸಾ ದೊರಕಿಸಿಕೊಡುವುದಾಗಿ ತಿಳಿಸಿದರು. ಬೀದಿಯಲ್ಲಿರುವ ತಮ್ಮ ಜನರನ್ನು ಬಿಟ್ಟು ತಾವೊಬ್ಬರೇ ಪಾರಾಗಲು ರಬ್ಬಿ ಒಪ್ಪಲಿಲ್ಲ. ಇದರಿಂದ ಕಾನ್ಸಲರ ಅಂತರಂಗದಲ್ಲಿ ಮಹಾ ತುಮುಲವೆದ್ದಿತು. ಅವರು ಹಾಸಿಗೆ ಹಿಡಿದು ಮಲಗಿಬಿಟ್ಟರು. ಒಂದೆಡೆ ಹುದ್ದೆ, ಮಕ್ಕಳ ಭವಿಷ್ಯ. ಇನ್ನೊಂದೆಡೆ ಬಾಗಿಲ ಹೊರಗೆ ನಿಂತ ಜನಸಮೂಹ. ಜೂನ್ 17ರಂದು ಹೊರಬಂದು, ರಾಷ್ಟ್ರ, ಜನಾಂಗ, ಮತಗಳ ಭೇದವೆಣಿಸದೆ ಕೇಳಿದವರೆಲ್ಲರಿಗೂ ವೀಸಾ ಕೊಡುವುದಾಗಿ ಸಾರಿದರು. ಹಗಲಿರುಳೆನ್ನದೆ ಸಹಿ ಮಾಡಿದರು. ಹೊತ್ತು ಉಳಿಸಲು ಹೆಸರನ್ನು ಮೊಟಕುಗೊಳಿಸಿ 'ಮೆಂಡಿಸ್' ಎಂದಷ್ಟೇ ಬರೆದರು. ಸಾವಿರಾರು ಜೀವಗಳು ಉಳಿದವು.

ಇದಕ್ಕೆ ದೊರೆತ ಪ್ರತಿಫಲವೇನು? ಇಲಾಖಾ ವಿಚಾರಣೆ, ಹುದ್ದೆಯ ನಷ್ಟ, ಬಡತನ. ಲಿಸ್ಬನ್ನಿನಲ್ಲಿ ಯೆಹೂದ್ಯ ಸಮಾಜವು ನಿರಾಶ್ರಿತರಿಗಾಗಿ ನಡೆಸುತ್ತಿದ್ದ ಭೋಜನಶಾಲೆಯಲ್ಲಿ ಈ ಕುಟುಂಬವೂ ಉಣ್ಣಬೇಕಾಯಿತು. 1954ರ ಏಪ್ರಿಲ್ 3ರಂದು ಅದೇ ನಗರದ ಫ್ರಾನ್ಸಿಸ್ಕನ್ ಆಸ್ಪತ್ರೆಯಲ್ಲಿ ಅವರು ಮಡಿದಾಗ ಸರಕಾರ ಮೌನವಾಗಿತ್ತು.

ಮೊದಲು ಮನ್ನಣೆಯಿತ್ತದ್ದು ಪರರಾಷ್ಟ್ರ. 1966ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ನೀತಿವಂತರ ಸಾಲಿಗೆ ಸೇರಿಸಿತು. 1974ರಲ್ಲಿ ಪೋರ್ಚುಗಲ್ಲಿನ ಸರ್ವಾಧಿಕಾರ ಉರುಳಿತು. 1987ರಲ್ಲಿ ಅಧ್ಯಕ್ಷ ಮಾರಿಯೊ ಸೋರೆಸ್ ಕುಟುಂಬದವರ ಕ್ಷಮೆ ಬೇಡಿ 'ಸ್ವಾತಂತ್ರ್ಯ ಪದವಿ'ಯ ಪದಕವಿತ್ತರು. 1988ರಲ್ಲಿ ಸಂಸತ್ತು ಸರ್ವಾನುಮತದಿಂದ ಆರೋಪಗಳನ್ನು ತೊಡೆದುಹಾಕಿತು. 2021ರ ಅಕ್ಟೋಬರ್ 19ರಂದು ಲಿಸ್ಬನ್ನಿನ ರಾಷ್ಟ್ರೀಯ ಸ್ಮಾರಕಮಂದಿರದಲ್ಲಿ ಅವರ ಹೆಸರಿನ ಫಲಕ ನೆಲೆಗೊಂಡಿತು. ಅವರ ದೇಹವಾದರೋ ಹುಟ್ಟೂರಾದ ಕಬಾನಸ್ ದೆ ವಿರಿಯಾಟೊದಲ್ಲೇ ವಿಶ್ರಮಿಸುತ್ತಿದೆ.

ಸತ್ತವನಿಗೆ ಪದಕವೇಕೆ ಎಂದು ಕೆಲವರು ಕೇಳಬಹುದು. ಹಸಿದಿದ್ದಾಗ ಅನ್ನವಿಕ್ಕದ ರಾಷ್ಟ್ರ ಅರುವತ್ತೇಳು ವರ್ಷಗಳ ಬಳಿಕ ಫಲಕ ನೆಟ್ಟರೆ ಫಲವೇನು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಂಥ ಗೌರವ ರಾಷ್ಟ್ರವೊಂದರ ಪಾಪನಿವೇದನೆ ಎಂದು ನಾವು ಭಾವಿಸುತ್ತೇವೆ. ಪಾಪನಿವೇದನೆ ತಡವಾಯಿತೆಂದು ಅದನ್ನು ಬಿಟ್ಟುಬಿಡುವವರುಂಟೇ? ಮೇಲಾಗಿ, ಇಂದು ಕಛೇರಿಯ ಮೇಜಿನ ಮುಂದೆ ಕುಳಿತಿರುವ ಯುವಕ ಯುವತಿಯರಿಗೆ ಅದು ದಾರಿ ತೋರುತ್ತದೆ. ಮೇಲಿನವರ ಆಜ್ಞೆಯಾಗಿತ್ತು ಎಂಬ ಉತ್ತರ ದೇವರ ನ್ಯಾಯಪೀಠದ ಮುಂದೆ ಸಾಲದು. ಮನುಷ್ಯರಿಗಿಂತ ಮೊದಲು ದೇವರಿಗೆ ವಿಧೇಯರಾಗಬೇಕೆಂದು ಸಂತ ಪೇತ್ರನು ನ್ಯಾಯಸಭೆಯ ಎದುರಿನಲ್ಲೇ ನುಡಿದದ್ದನ್ನು ನಾವು ಬಲ್ಲೆವು. 2020ರ ಜೂನ್ 17ರಂದು ಅಂದಿನ ಜಗದ್ಗುರು ಫ್ರಾನ್ಸಿಸರು ಮೆಂಡಿಸರನ್ನು ಸ್ಮರಿಸಿ, ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲೆಡೆ ಗೌರವಿಸಬೇಕೆಂದು ಪ್ರಾರ್ಥಿಸಿದರು.

ಪ್ರಿಯರೇ, ಹೆರೋದನ ಕತ್ತಿಗೆ ಹೆದರಿ ಈಜಿಪ್ಟಿಗೆ ಓಡಿದ ಪವಿತ್ರ ಕುಟುಂಬವೂ ನಿರಾಶ್ರಿತ ಯೆಹೂದ್ಯ ಕುಟುಂಬವೇ. ಅವರಿಗೆ ಆಶ್ರಯವಿತ್ತವರ ಹೆಸರು ಯಾವ ಫಲಕದಲ್ಲೂ ಇಲ್ಲ. ದೇವರ ಪುಸ್ತಕದಲ್ಲಿ ಇದ್ದೇ ಇದೆ. ನಮ್ಮ ದೇವಾಲಯದ ಎರಡನೆಯ ಶತಮಾನದಲ್ಲಿ, ಬಾಗಿಲಿಗೆ ಬಂದವನ ಜಾತಿ, ಮತ, ಭಾಷೆಗಳನ್ನು ಕೇಳುವ ಮೊದಲು ಅವನ ಸಂಕಟವನ್ನು ಕೇಳುವ ಜನ ನಾವಾಗೋಣ. ಮನ್ನಣೆ ಬಂದರೆ ಬರಲಿ, ಬಾರದಿದ್ದರೂ ಚಿಂತೆಯಿಲ್ಲ. ದೇವರು ನಿಮ್ಮೆಲ್ಲರನ್ನೂ ಹರಸಲಿ.